ಓದುಗರ ಪ್ರಶ್ನೆ: ಮಕ್ಕಳ ಜತೆ ನಾಲ್ಕು ದಿನ ನದಿಯ ಮೇಲೆ

ಹದಿಹರೆಯದ ಮಕ್ಕಳ ಗುಂಪನ್ನು ಕನೂ ದೋಣಿಗಳಲ್ಲಿ ಕರೆದೊಯ್ದು ನದಿ ದಡದಲ್ಲೇ ರಾತ್ರಿ ಬಿಡಾರ ಹೂಡುವ ಪ್ರವಾಸದ ಬಗ್ಗೆ ಅಮೆರಿಕದ ಕನ್ನಡ ಕುಟುಂಬಗಳಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಹೆಚ್ಚಿನವರು ಕೇಳಿರುವುದು ಯೂಟಾ ರಾಜ್ಯದ ಗ್ರೀನ್ ನದಿಯ ಬಗ್ಗೆ. ಉತ್ತರಗಳೂ ಅದನ್ನೇ ಹಿಡಿದು ಸಾಗುತ್ತವೆ. ಕೊನೆಯ ಪ್ರಶ್ನೆ ಮಾತ್ರ ಸಾಗರದಿಂದ ಬಂದದ್ದು.

ನಮ್ಮ ಗುಂಪಿನಲ್ಲಿ 13ರಿಂದ 17 ವಯಸ್ಸಿನ ಎಂಟು ಮಕ್ಕಳು, ನಾಲ್ವರು ದೊಡ್ಡವರು. ಕೆರೆಯಲ್ಲಿ ಒಂದೆರಡು ಗಂಟೆ ಹುಟ್ಟು ಹಾಕಿದ್ದು ಬಿಟ್ಟರೆ ಅನುಭವವಿಲ್ಲ. ಯಾವ ನದಿ, ಎಷ್ಟು ದಿನ, ಯಾವ ತಿಂಗಳು? — ಓದುಗರು, ಡೆನ್ವರ್

ನಿಮ್ಮ ಗುಂಪಿಗೆ ಗ್ರೀನ್ ನದಿಯ ಲ್ಯಾಬಿರಿಂತ್ ಕಣಿವೆ ಹೇಳಿ ಮಾಡಿಸಿದಂತಿದೆ. ಡೆನ್ವರ್‌ನಿಂದ ಐದಾರು ಗಂಟೆಯ ದಾರಿ. ಎರಡೂ ಬದಿಗೆ ಕೆಂಪು ಬಂಡೆಯ ಗೋಡೆ ಎದ್ದಿದ್ದರೂ ನೀರಿನಲ್ಲಿ ಧುಮ್ಮಿಕ್ಕುವ ರಭಸವಿಲ್ಲ, ಸೆಳವು ಒಂದೇ ಸಮನೆ ಹರಿಯುತ್ತದೆ. ಗ್ರೀನ್ ರಿವರ್ ಊರಿನ ಸ್ಟೇಟ್ ಪಾರ್ಕ್‌ನಿಂದ ಮಿನರಲ್ ಬಾಟಮ್‌ವರೆಗೆ 68 ಮೈಲಿ. ಅದರಲ್ಲಿ ಮೊದಲ 23 ಮೈಲಿ ಬಯಲು ಸೀಮೆ. ಬಿಸಿಲು ಹೆಚ್ಚು, ನೋಟ ಕಡಿಮೆ. ಮೊದಲ ಸಲದವರು ಅದನ್ನು ಬಿಟ್ಟು ರೂಬಿ ರಾಂಚ್‌ನಿಂದ ಇಳಿಯಲಿ. ಅದು ಖಾಸಗಿ ಜಮೀನು, ಇಳಿಯಲು ಶುಲ್ಕವಿದೆ. ಅಲ್ಲಿಂದ ಮಿನರಲ್ ಬಾಟಮ್ 45 ಮೈಲಿ, ನಾಲ್ಕು ಹಗಲು ಮೂರು ರಾತ್ರಿ.

ಈ 45ನ್ನು ನಾಲ್ಕರಿಂದ ಭಾಗಿಸಿ ದಿನಕ್ಕೆ ಹನ್ನೊಂದೂಕಾಲು ಎಂದು ಬರೆದುಕೊಳ್ಳಬೇಡಿ. ಮೊದಲ ದಿನ ದೋಣಿ ಇಳಿಸಿ, ಸಾಮಾನು ಕಟ್ಟಿ ಹೊರಡುವಷ್ಟರಲ್ಲಿ ಹನ್ನೊಂದು ಗಂಟೆ ದಾಟಿರುತ್ತದೆ. ಅಂದು 7 ಮೈಲಿ ಸಾಕು, ಟ್ರಿನ್ ಆಲ್ಕೋವ್ ತಿರುವಿನ ಆಸುಪಾಸು ತಂಗಿ. ಎರಡನೇ ಮತ್ತು ಮೂರನೇ ದಿನ 14, ಕೊನೆಯ ದಿನ 10. ಮೂರನೇ ದಿನ ಬೋನಾಟ್ ಬೆಂಡ್ ಸಿಗುತ್ತದೆ. ಅಲ್ಲಿ ನದಿ ಏಳು ಮೈಲಿಯಷ್ಟು ಸುತ್ತಿ ಹೆಚ್ಚುಕಡಿಮೆ ಹೊರಟ ಜಾಗಕ್ಕೇ ಬರುತ್ತದೆ. ನಡುವೆ ಉಳಿಯುವುದು ಒಂದು ಕಿರಿದಾದ ಬಂಡೆಯ ಏಣು. 1869ರಲ್ಲಿ ಅನ್ವೇಷಕ ಜಾನ್ ವೆಸ್ಲಿ ಪೊವೆಲ್ ತಂಡ ಈ ದಾರಿಯಲ್ಲೇ ಸಾಗಿತ್ತು. ಏಣನ್ನು ಹತ್ತಿದರೆ ಎರಡೂ ಬದಿಗೆ ಅದೇ ನದಿ ಕಾಣುತ್ತದೆ, ಮಕ್ಕಳಿಗೆ ಅದನ್ನು ತಪ್ಪಿಸಬೇಡಿ. ಮುಂಜಾನೆಯೇ ಹತ್ತಿ ಇಳಿಯಿರಿ. ಕೊನೆಯ ದಿನ ಹೆಲ್ ರೋರಿಂಗ್ ಕಣಿವೆಯ ಬಾಯಲ್ಲಿ ತುಪ್ಪಳ ವ್ಯಾಪಾರಿ ಡೆನಿಸ್ ಜೂಲಿಯನ್ 1836ರಲ್ಲಿ ಬಂಡೆಗೆ ಕೆತ್ತಿದ ಹೆಸರಿದೆ. ಅದನ್ನು ನೋಡಿದ ಮಕ್ಕಳಿಗೆ ತಮ್ಮ ಹೆಸರನ್ನೂ ಕೆತ್ತುವ ಆಸೆ ಹುಟ್ಟುತ್ತದೆ. ಅದು ಇಂದು ಅಪರಾಧ ಎಂದು ದೋಣಿಯಿಂದ ಇಳಿಯುವ ಮೊದಲೇ ಹೇಳಿಬಿಡಿ.

ಕಾಲ: ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ವಾರಗಳವರೆಗೆ. ಮೇ ಕೊನೆಯಿಂದ ಜೂನ್ ನಡುವಿನವರೆಗೆ ಹಿಮ ಕರಗಿ ನದಿ ಉಕ್ಕಿ ಹರಿಯುತ್ತದೆ. ಮರಳ ದಿಬ್ಬಗಳೆಲ್ಲ ಮುಳುಗಿ, ದಡದ ಟ್ಯಾಮರಿಸ್ಕ್ ಪೊದೆಗಳ ನಡುವೆ ಹನ್ನೆರಡು ಜನಕ್ಕೆ ಜಾಗ ಹುಡುಕುವುದೇ ಕಷ್ಟ, ಜತೆಗೆ ಸೊಳ್ಳೆ. ಜುಲೈ, ಆಗಸ್ಟ್‌ನಲ್ಲಿ ಬಿಸಿಲು 38 ಡಿಗ್ರಿ ಮೀರುತ್ತದೆ, ಮಧ್ಯಾಹ್ನದ ಗುಡುಗು ಮಳೆಗೆ ಒಣ ಹಳ್ಳಗಳು ಏಕಾಏಕಿ ತುಂಬಿ ಬರುತ್ತವೆ. ಸೆಪ್ಟೆಂಬರ್‌ನಲ್ಲಿ ನೀರು ಇಳಿದು ದೊಡ್ಡ ಮರಳ ದಿಬ್ಬಗಳು ಮೇಲೆದ್ದಿರುತ್ತವೆ. ದೊಡ್ಡ ಗುಂಪಿಗೆ ಅದಕ್ಕಿಂತ ಒಳ್ಳೆಯ ಅಂಗಳವಿಲ್ಲ. ಹೊರಡುವ ವಾರ ಗ್ರೀನ್ ರಿವರ್ ಊರಿನ ಬಳಿಯ ಸರಕಾರಿ ಮಾಪಕದ ಅಂಕಿ ನೋಡಿ. ಕೆಆರ್‌ಎಸ್‌ ಒಳಹರಿವಿನ ಸುದ್ದಿ ಓದಿದವರಿಗೆ ಕ್ಯೂಸೆಕ್ ಲೆಕ್ಕ ಹೊಸದಲ್ಲ. ಇಲ್ಲಿ 2000ದಿಂದ 4000 ಕ್ಯೂಸೆಕ್ ಇದ್ದರೆ ಶರತ್ಕಾಲದ ಮಾಮೂಲಿ ಹರಿವು. 10,000 ದಾಟಿದ್ದರೆ ಹೊಸಬರ ಗುಂಪು ದಿನಾಂಕ ಬದಲಿಸುವುದು ಒಳ್ಳೆಯದು.

ಅನುಮತಿ ಯಾರಿಂದ? ನಮ್ಮ ಸಂಘ ಪ್ರತಿ ಮಗುವಿಗೆ ಶುಲ್ಕ ಪಡೆಯುತ್ತದೆ, ತೊಂದರೆಯೇ? — ಓದುಗರು, ಸಾಲ್ಟ್ ಲೇಕ್ ಸಿಟಿ

ಈ ಭಾಗ ಕೇಂದ್ರ ಸರಕಾರದ ಭೂ ನಿರ್ವಹಣಾ ಬ್ಯೂರೋ, ಅಂದರೆ ಬಿಎಲ್‌ಎಂ ಕೈಯಲ್ಲಿದೆ. ಖಾಸಗಿ ಗುಂಪಿಗೆ ಅನುಮತಿ ಉಚಿತ, ಆನ್‌ಲೈನ್‌ನಲ್ಲೇ ಪಡೆಯಬಹುದು. ಗುಂಪಿನ ಮಿತಿ 25 ಜನ. ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್, ತೊಳೆದು ಮತ್ತೆ ಬಳಸುವಂಥ ಹೊತ್ತೊಯ್ಯುವ ಶೌಚ ಪೆಟ್ಟಿಗೆ, ಬೆಂಕಿಗೆ ಲೋಹದ ತಟ್ಟೆ ಕಡ್ಡಾಯ. ಬೂದಿಯನ್ನೂ ವಾಪಸ್ ತರಬೇಕು.

ಶುಲ್ಕದ ಪ್ರಶ್ನೆ ಮುಖ್ಯವಾದದ್ದು. ಆದ ಖರ್ಚನ್ನು ಸಮನಾಗಿ ಹಂಚಿಕೊಂಡರೆ ಅದು ಖಾಸಗಿ ಪ್ರವಾಸ. ಅದಕ್ಕಿಂತ ಹೆಚ್ಚು ಪಡೆದರೆ, ಮುಂದಾಳುಗಳಿಗೆ ಸಂಭಾವನೆ ಕೊಟ್ಟರೆ ಅಥವಾ ಸಾರ್ವಜನಿಕವಾಗಿ ಜಾಹೀರಾತು ಕೊಟ್ಟರೆ ಬೇರೆಯದೇ ವಿಶೇಷ ಪರವಾನಗಿ ಬೇಕಾಗಬಹುದು, ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ನಿಮ್ಮ ವ್ಯವಸ್ಥೆಯನ್ನು ಇಮೇಲ್‌ನಲ್ಲಿ ವಿವರಿಸಿ ಬಿಎಲ್‌ಎಂ ಕಚೇರಿಯಿಂದ ಬರಹದಲ್ಲೇ ಉತ್ತರ ಪಡೆಯಿರಿ. ಮಿನರಲ್ ಬಾಟಮ್ ದಾಟಿ ಮುಂದೆ ಹೋದರೆ ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನ ಬರುತ್ತದೆ. ಅಲ್ಲಿನ ಅನುಮತಿ ಬೇರೆ, ಶುಲ್ಕ ಬೇರೆ, ಹೊರಬರಲು ಯಂತ್ರದ ದೋಣಿಯನ್ನು ಮೊದಲೇ ಗೊತ್ತುಮಾಡಬೇಕು. ಆದ್ದರಿಂದ ನೀವು ದಡ ಹತ್ತುವ ಜಾಗ ತಪ್ಪಬಾರದು. ಅದು ನದಿ ಹರಿಯುವ ದಿಕ್ಕಿಗೆ ಮುಖಮಾಡಿದಾಗ ಎಡದಡದಲ್ಲಿದೆ. ಕೊನೆಯ ಎರಡು ಮೈಲಿ ಎಲ್ಲ ದೋಣಿಗಳೂ ಎಡಕ್ಕೇ ಇರಲಿ.

ಮಿನರಲ್ ಬಾಟಮ್‌ನಿಂದ ಮೇಲಕ್ಕೆ ಬರುವ ರಸ್ತೆ ಕಡಿದಾದ ಮಣ್ಣಿನ ಹೇರ್‌ಪಿನ್ ತಿರುವುಗಳದ್ದು. 2010ರ ಮಳೆಗೆ ಅದು ಕೊಚ್ಚಿಹೋಗಿ, ಮತ್ತೆ ಕಟ್ಟಬೇಕಾಯಿತು. ಈಗಲೂ ಜೋರು ಮಳೆ ಬಂದರೆ ವಾಹನ ಇಳಿಯಲಾರದು. ಒಂದು ದಿನದ ಆಹಾರ, ನೀರು ಹೆಚ್ಚಿಗೆ ಇಟ್ಟುಕೊಳ್ಳಿ. ಮಕ್ಕಳಿಗೆ ಮರುದಿನವೇ ಶಾಲೆಯ ಪರೀಕ್ಷೆ ಇರುವಂತೆ ದಿನಾಂಕ ಗೊತ್ತುಮಾಡಬೇಡಿ.

ನದಿಯಲ್ಲೇ ಇರುತ್ತೇವಲ್ಲ, ಒಳ್ಳೆಯ ಫಿಲ್ಟರ್ ಒಯ್ದರೆ ಕುಡಿಯುವ ನೀರು ಹೊರುವುದು ತಪ್ಪುತ್ತದೆಯೇ? — ಓದುಗರು, ಫೀನಿಕ್ಸ್

ತಪ್ಪುವುದಿಲ್ಲ. ಗ್ರೀನ್ ನದಿಯ ನೀರಿನಲ್ಲಿ ನುಣುಪಾದ ಹೂಳು ತುಂಬಿರುತ್ತದೆ. ಚಾರಣಿಗರ ಫಿಲ್ಟರ್ ಕೆಲವೇ ಲೀಟರಿಗೆ ಕಟ್ಟಿಕೊಳ್ಳುತ್ತದೆ. ದಾರಿಯಲ್ಲಿ ನಂಬಬಹುದಾದ ಕುಡಿಯುವ ನೀರಿನ ಮೂಲವೂ ಇಲ್ಲ. ತಲೆಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ 3.8 ಲೀಟರ್ ಲೆಕ್ಕ. ಹನ್ನೆರಡು ಜನಕ್ಕೆ ನಾಲ್ಕು ದಿನಕ್ಕೆ 48 ಗ್ಯಾಲನ್, ಹೆಚ್ಚುವರಿ ದಿನಕ್ಕೆ 12, ಒಟ್ಟು 60. ಇದು 227 ಕೆಜಿ. ಆರು ದೋಣಿಗೆ ಹಂಚಿದರೆ ತಲಾ 10 ಗ್ಯಾಲನ್, 38 ಕೆಜಿ. ಏಳು ಗ್ಯಾಲನ್ ಡಬ್ಬ ಕೊಳ್ಳಬೇಡಿ. ತುಂಬಿದಾಗ 26 ಕೆಜಿ ತೂಗುವ ಅದನ್ನು ಜಾರುವ ಕೆಸರಿನ ದಡ ಹತ್ತಿಸುವಾಗಲೇ ಸೊಂಟ ಹಿಡಿಯುವುದು. ಐದು ಗ್ಯಾಲನ್ ಡಬ್ಬ ಎರಡೆರಡು ಇರಲಿ. ಎಲ್ಲ ನೀರನ್ನೂ ಒಂದೇ ದೋಣಿಯಲ್ಲಿ ಯಾವತ್ತೂ ಇಡಬೇಡಿ.

ಪಾತ್ರೆ ತೊಳೆಯಲು ನದಿ ನೀರು ಸಾಕು. ಸಂಜೆ ಬಿಡಾರಕ್ಕೆ ಬಂದ ಕೂಡಲೇ ಐದು ಗ್ಯಾಲನ್ ಬಕೆಟ್ ತುಂಬಿ, ಕಾಲು ಟೀ ಚಮಚ ಪಟಿಕದ ಪುಡಿ ಹಾಕಿ ಒಂದೆರಡು ನಿಮಿಷ ತಿರುವಿ ಅಲುಗಾಡದಂತೆ ಬಿಡಿ. ಬೆಳಗ್ಗೆ ಹೂಳು ತಳ ಹಿಡಿದು ಮೇಲಿನ ನೀರು ತಿಳಿಯಾಗಿರುತ್ತದೆ. ಆ ತಿಳಿ ನೀರನ್ನು ಕುದಿಸಿ ಅಥವಾ ಸೋಸಿದರೆ ತುರ್ತಿಗೆ ಕುಡಿಯಲೂ ಬರುತ್ತದೆ. ಹಾಗಾಗಿ ಫಿಲ್ಟರ್ ಒಂದಿರಲಿ, ಆದರೆ ಅದನ್ನು ನಂಬಿ ಡಬ್ಬ ಕಡಿಮೆ ಮಾಡಬೇಡಿ.

ಮಕ್ಕಳು ಬರೀ ನೀರು ಕುಡಿದು ಉಪ್ಪು ತಿನ್ನದಿದ್ದರೆ ಮಧ್ಯಾಹ್ನದ ಹೊತ್ತಿಗೆ ತಲೆನೋವು, ವಾಕರಿಕೆ ಶುರುವಾಗುತ್ತದೆ. ದೊಡ್ಡವರು ಅದನ್ನು ಬಿಸಿಲಿನ ಬಾಧೆ ಎಂದುಕೊಂಡು ಇನ್ನಷ್ಟು ನೀರು ಕುಡಿಸುತ್ತಾರೆ, ಆಗ ಮತ್ತೂ ಹದಗೆಡುತ್ತದೆ. ಖಾರದ ಅವಲಕ್ಕಿ, ಹುರಿಗಡಲೆ, ಉಪ್ಪು ಹಾಕಿದ ನಿಂಬೆ ಶರಬತ್ತು ಗಂಟೆಗೊಮ್ಮೆ ಕೈಗೆ ಸಿಗುವಂತಿರಲಿ. ಭೇದಿಯಾದರೆ ಒಂದು ಲೀಟರ್ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಶೌಚದ ಬಗ್ಗೆ ಯಾರೂ ಬಿಡಿಸಿ ಹೇಳುವುದಿಲ್ಲ. ನಮ್ಮ ಹುಡುಗಿಯರು ಇದೇ ಕಾರಣಕ್ಕೆ ಬರಲು ಹಿಂಜರಿಯುತ್ತಿದ್ದಾರೆ. — ಒಬ್ಬ ತಾಯಿ, ಬೋಲ್ಡರ್

ಬಿಡಿಸಿಯೇ ಹೇಳುತ್ತೇವೆ. ಈ ಒಂದು ವಿಷಯ ಸರಿಯಾಗದೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿ ಕಾಯಿಲೆ ಬೀಳುವ ಮಕ್ಕಳಿದ್ದಾರೆ.

ಗುಂಡಿ ತೋಡುವಂತಿಲ್ಲ, ಮಲವೆಲ್ಲ ಪೆಟ್ಟಿಗೆಯಲ್ಲಿ ವಾಪಸ್ ಬರಬೇಕು. ದೋಣಿ ಬಾಡಿಗೆಗೆ ಕೊಡುವವರ ಬಳಿ ಕೂರುವ ಪೀಠವಿರುವ ಲೋಹದ ಪೆಟ್ಟಿಗೆ ಸಿಗುತ್ತದೆ. ದೊಡ್ಡ ಪೆಟ್ಟಿಗೆ ಸುಮಾರು 50 ಬಳಕೆಗೆ ಸಾಕಾಗುತ್ತದೆ. ನಿಮ್ಮ ಗುಂಪಿಗೆ 12 ಜನ, ನಾಲ್ಕು ದಿನ, 48. ಲೆಕ್ಕ ಅಂಚಿಗೆ ಬಂತು, ಎರಡು ಒಯ್ಯಿರಿ. ಇನ್ನೂ ಒಂದು ಕಾರಣವಿದೆ: ನಮ್ಮವರಿಗೆ ನೀರು ಬೇಕು. ಮೊದಲು ಕಾಗದ, ಆಮೇಲೆ ಒತ್ತಿದರೆ ಚಿಮ್ಮುವ ಸಣ್ಣ ಬಾಟಲಿಯಲ್ಲಿ 100 ಮಿಲಿಯಷ್ಟು ನೀರು. ಆ ನೀರೂ ಪೆಟ್ಟಿಗೆಗೇ ಬೀಳಬೇಕು, ನೆಲಕ್ಕಲ್ಲ. ಚೊಂಬು ಒಯ್ದರೆ ಎರಡನೇ ದಿನಕ್ಕೇ ಪೆಟ್ಟಿಗೆ ತುಂಬುತ್ತದೆ.

ಮೂತ್ರ ಮಾತ್ರ ಪೆಟ್ಟಿಗೆಗೆ ಬೇಡ, ನದಿಗೆ. ನದಿಯನ್ನು ತಾಯಿಯೆಂದು ನಂಬಿದ ಮನೆಗಳಲ್ಲಿ ಬೆಳೆದವರಿಗೆ ಇದು ಕಸಿವಿಸಿ ತರುತ್ತದೆ. ಆದರೆ ಮಳೆಯೇ ಅಪರೂಪವಾದ ಈ ಮರುಭೂಮಿಯಲ್ಲಿ ದಡದ ಮರಳು ಅದನ್ನು ಹೀರಿ ಕರಗಿಸಲಾರದು. ಎಲ್ಲರೂ ಮರಳಿಗೇ ಹೋದರೆ ಒಳ್ಳೆಯ ಬಿಡಾರವೆಲ್ಲ ವರ್ಷವಿಡೀ ನಾರುತ್ತದೆ. ದೊಡ್ಡ ಹರಿವಿನಲ್ಲಿ ಸೇರಿಹೋಗುವುದೇ ಮೇಲು ಎಂಬುದು ಇಂಥ ನದಿಗಳ ನಿಯಮ.

ಬಿಡಾರ ಹೂಡುವಾಗ ಡೇರೆಗೂ ಮೊದಲು ಪೆಟ್ಟಿಗೆಯ ಜಾಗ ಗೊತ್ತಾಗಲಿ: ಪೊದೆಯ ಮರೆ, ಗಾಳಿ ಅಡುಗೆ ಕಡೆಗೆ ಬೀಸದ ದಿಕ್ಕು, ಸುತ್ತ ಒಂದು ಟಾರ್ಪಾಲು. ದಾರಿಯ ತುದಿಯಲ್ಲಿ ಒಂದು ಹುಟ್ಟು ನೆಟ್ಟು, ಹೋಗುವವರು ಅದನ್ನು ಮಲಗಿಸಿ, ಬಂದವರು ಮತ್ತೆ ನಿಲ್ಲಿಸಿದರೆ ಕೂಗಿ ಕೇಳುವ ಪ್ರಮೇಯವೇ ಇಲ್ಲ. ಕೈ ತೊಳೆಯುವ ನೀರು, ಸಾಬೂನು ಅಲ್ಲೇ ಇರಲಿ. ಮುಟ್ಟಿನ ಸಾಮಗ್ರಿ ಪೆಟ್ಟಿಗೆಗೆ ಹಾಕಬಾರದು. ಅದಕ್ಕೆ ಬೆಳಕು ಬೀಳದ ಬೇರೆ ಚೀಲ, ಮುಚ್ಚಳವಿರುವ ಡಬ್ಬ. ಇದನ್ನು ಹುಡುಗಿಯರಿಗೆ ಒಬ್ಬ ಮಹಿಳಾ ಮುಂದಾಳು ಮನೆಯಲ್ಲೇ ತೋರಿಸಿ ವಿವರಿಸಲಿ. ಪೆಟ್ಟಿಗೆ ತೆರೆದು ಮುಚ್ಚುವುದನ್ನು ಒಮ್ಮೆ ಕಂಡರೆ ಅರ್ಧ ಅಂಜಿಕೆ ಅಲ್ಲೇ ಇಳಿಯುತ್ತದೆ.

ಇಬ್ಬರು ಮಕ್ಕಳಿಗೆ ಈಜು ಅಷ್ಟಾಗಿ ಬರುವುದಿಲ್ಲ. ದೋಣಿ ಮಗುಚಿದರೆ? — ಓದುಗರು, ಡೆನ್ವರ್

ಮಗುಚುತ್ತದೆ ಎಂದೇ ಇಟ್ಟುಕೊಂಡು ತಯಾರಾಗಿ. ಸಪಾಟು ನೀರಿನಲ್ಲಿ ದೋಣಿ ಮಗುಚುವುದು ಹೆಚ್ಚಾಗಿ ಮೂರು ಕಾರಣಕ್ಕೆ: ಎದ್ದು ನಿಲ್ಲುವುದು, ಇಬ್ಬರೂ ಒಂದೇ ಬದಿಗೆ ವಾಲುವುದು, ದಡದ ಕೊಂಬೆಗೆ ಹೆದರಿ ಅದನ್ನು ಕೈಯಲ್ಲಿ ಹಿಡಿಯುವುದು. ಮೂರನೆಯದೇ ಅಪಾಯ. ಕೊಂಬೆ ಹಿಡಿದ ಮನುಷ್ಯ ನಿಲ್ಲುತ್ತಾನೆ, ಕೆಳಗಿನ ದೋಣಿ ನಿಲ್ಲುವುದಿಲ್ಲ. ನೀರಿಗೆ ಬಾಗಿದ ಪೊದೆಯ ನಡುವೆ ಸೆಳವು ಹರಿದುಹೋಗುತ್ತದೆ, ಸಿಕ್ಕಿಕೊಂಡವರು ಅಲ್ಲೇ ಉಳಿಯುತ್ತಾರೆ. ತಿರುವುಗಳಲ್ಲಿ ಸೆಳವು ಹೊರ ಅಂಚಿಗೆ ಒಯ್ಯುವುದರಿಂದ ಮೊದಲೇ ಒಳ ಅಂಚಿಗೆ ಸರಿಯುವುದನ್ನು ಮಕ್ಕಳಿಗೆ ರೂಢಿ ಮಾಡಿಸಿ.

ಈಜಿಗೆ ಸ್ಕೌಟ್ ಪರೀಕ್ಷೆಯೇ ಒಳ್ಳೆಯ ಅಳತೆ: ತಲೆ ಮುಳುಗುವ ನೀರಿಗೆ ಹಾರಿ, 75 ಗಜ ಬಲವಾಗಿ, 25 ಗಜ ಅಂಗಾತ ನಿಧಾನವಾಗಿ ಈಜಿ, ಕೊನೆಗೆ ತೇಲಿ ವಿಶ್ರಮಿಸುವುದು. ಇದು ಆಗದ ಮಕ್ಕಳಿಗೆ ಎರಡು ತಿಂಗಳು ಮೊದಲೇ ಕೊಳದ ತರಗತಿ ಶುರುಮಾಡಿಸಿ. ಆಗಲೂ ಆಗದಿದ್ದರೆ, ಲೈಫ್ ಜಾಕೆಟ್ ತೊಟ್ಟು ನೀರಿನಲ್ಲಿ ಗಾಬರಿಯಾಗದೆ ತೇಲಬಲ್ಲವರನ್ನು ಮಾತ್ರ, ಅನುಭವಿ ದೊಡ್ಡವರ ದೋಣಿಯಲ್ಲಿ ಕೂರಿಸಬಹುದು. ನೀರು ಮುಟ್ಟಿದರೆ ಉಸಿರು ಕಟ್ಟುವ ಮಗುವನ್ನು ಈ ವರ್ಷ ಬಿಟ್ಟು ಹೋಗುವುದೇ ಸರಿ. ತಂದೆತಾಯಿ ಎಷ್ಟೇ ಒತ್ತಾಯಿಸಿದರೂ ಮುಂದಾಳುಗಳು ಇದರಲ್ಲಿ ಸಡಿಲ ಬಿಡಬಾರದು.

ಜಾಕೆಟ್ ಸರಿಯಾಗಿದೆಯೇ ನೋಡಲು, ಪಟ್ಟಿಗಳನ್ನೆಲ್ಲ ಬಿಗಿದು ಹೆಗಲ ಬಳಿ ಹಿಡಿದು ಮೇಲಕ್ಕೆತ್ತಿ. ಗಲ್ಲದವರೆಗೆ ಬಂದರೆ ಅದು ದೊಡ್ಡದು. ದೋಣಿಯಲ್ಲಿ ಇರುವಷ್ಟು ಹೊತ್ತೂ ಅದು ಮೈಮೇಲಿರಬೇಕು, ಸೆಕೆಯಾದರೆ ಟೋಪಿ ಅದ್ದಿ ಹಾಕಿಕೊಳ್ಳಲಿ.

ಹೊರಡುವ ಮುನ್ನ ಹತ್ತಿರದ ಜಲಾಶಯದಲ್ಲಿ ಎರಡು ಅರ್ಧ ದಿನ ಅಭ್ಯಾಸ ಬೇಕೇ ಬೇಕು. ಮೊದಲ ದಿನ ನೇರ ಹುಟ್ಟು, ತಿರುಗಿಸುವುದು, ದೋಣಿಯನ್ನು ಬದಿಗೆ ಎಳೆಯುವುದು, ನಿಲ್ಲಿಸುವುದು. ಎರಡನೇ ದಿನ ಎಲ್ಲರೂ ಬೇಕೆಂದೇ ಮಗುಚಲಿ. ಖಾಲಿ ದೋಣಿ ಮಗುಚಿದಾಗ ಹೀಗೆ: ಸಹಾಯದ ದೋಣಿ ಅದಕ್ಕೆ ಅಡ್ಡವಾಗಿ ಬರಲಿ. ಮಗುಚಿದ ದೋಣಿಯ ಒಂದು ತುದಿಯನ್ನು, ಬೋರಲಾಗಿರುವಂತೆಯೇ, ತಮ್ಮ ದೋಣಿಯ ಅಂಚಿನ ಮೇಲೆ ಎತ್ತಿ, ನಡುಭಾಗ ಬರುವವರೆಗೂ ಎಳೆದುಕೊಳ್ಳಲಿ, ನೀರು ಸುರಿದುಹೋಗುತ್ತದೆ. ಅಲ್ಲೇ ಹೊರಳಿಸಿ ನೇರಮಾಡಿ, ನೀರಿಗೆ ಜಾರಿಸಿ, ಪಕ್ಕಕ್ಕೆ ತಂದು ಅಂಚನ್ನು ಗಟ್ಟಿಯಾಗಿ ಹಿಡಿಯಲಿ. ನೀರಿನಲ್ಲಿದ್ದವರು ಒಬ್ಬೊಬ್ಬರಾಗಿ ಹತ್ತಲಿ.

ನದಿಯಲ್ಲಿ ಸಾಮಾನು ತುಂಬಿದ ದೋಣಿಗೆ ಈ ಉಪಾಯ ನಡೆಯದು. ನೀರು ತುಂಬಿದ ದೋಣಿಯ ಭಾರ ನೂರಾರು ಕಿಲೋ, ಅದನ್ನು ಎತ್ತಲು ಹೋದರೆ ಎರಡನೆಯದೂ ಮಗುಚುತ್ತದೆ. ಅಲ್ಲಿ ಮೊದಲು ಜನ, ಆಮೇಲೆ ದೋಣಿ, ಕೊನೆಗೆ ಸಾಮಾನು. ಬಿದ್ದವರು ದೋಣಿಯ ಮೇಲ್ಹೊಳೆಯ, ಅಂದರೆ ನೀರು ಹರಿದು ಬರುವ ಕಡೆಯ ತುದಿ ಹಿಡಿದಿರಲಿ. ದೋಣಿಗೂ ಬಂಡೆಗೂ ನಡುವೆ ಯಾರೂ ಬರಬಾರದು. ಕೈ ಬಿಟ್ಟುಹೋದರೆ ಅಂಗಾತ ಮಲಗಿ, ಕಾಲು ಹರಿವಿನ ದಿಕ್ಕಿಗೆ. ರಭಸದ ನೀರಿನಲ್ಲಿ ನಿಲ್ಲಲು ಹೋದರೆ ಪಾದ ಕಲ್ಲಿನ ಸಂದಿಗೆ ಸಿಕ್ಕೀತು. ಇನ್ನೊಂದು ದೋಣಿ ಬಂದಾಗ ಅದರ ಪಕ್ಕ ಹಿಡಿಯದೆ ಹಿಂತುದಿ ಹಿಡಿದರೆ ಅದು ವಾಲುವುದಿಲ್ಲ, ಹಾಗೇ ದಡಕ್ಕೆ ಎಳೆದೊಯ್ಯಬಹುದು.

ಸಾಲಿನಲ್ಲಿ ಮುಂದೆ ಒಬ್ಬ ಮುಂದಾಳು, ಕೊನೆಗೆ ಒಬ್ಬರು. ಅವರ ನಡುವೆಯೇ ಉಳಿದವರೆಲ್ಲ. ವೇಗ ನಿರ್ಧಾರವಾಗಬೇಕಾದ್ದು ಎಲ್ಲಕ್ಕಿಂತ ನಿಧಾನದ ಜೋಡಿಯಿಂದ. ಮುಂದಿನವರು ತಿರುವು ದಾಟಿ ಕಣ್ಮರೆಯಾಗುವ ಮೊದಲು ಹಿಂದಿನ ದೋಣಿ ಕಾಣುತ್ತಿದೆಯೇ ನೋಡಲಿ, ಇಲ್ಲದಿದ್ದರೆ ನಿಲ್ಲಲಿ. ರೂಬಿ ರಾಂಚ್ ದಾಟಿದ ಮೇಲೆ ಸಾಮಾನ್ಯ ಕಾರು ಬರುವ ರಸ್ತೆ ಮಿನರಲ್ ಬಾಟಮ್‌ವರೆಗೂ ಇಲ್ಲ, ಫೋನ್ ಸಿಗ್ನಲ್‌ ನಂಬುವಂತಿಲ್ಲ. ಉಪಗ್ರಹದ ಮೂಲಕ ಎರಡೂ ಕಡೆಗೆ ಸಂದೇಶ ಹೋಗುವ ಸಾಧನ ಒಂದು, ಕಾಡಿನ ಪ್ರಥಮ ಚಿಕಿತ್ಸೆ ಕಲಿತ ದೊಡ್ಡವರು ಕನಿಷ್ಠ ಇಬ್ಬರು ಇರಲಿ. ಆಸ್ತಮಾ, ಅಲರ್ಜಿಯ ಔಷಧಿ ಎರಡು ಜತೆ, ಎರಡು ಬೇರೆ ದೋಣಿಗಳಲ್ಲಿ.

ಮಧ್ಯಾಹ್ನವಾದರೆ ಎದುರುಗಾಳಿಗೆ ದೋಣಿ ಹಿಮ್ಮುಖವಾಗುತ್ತದೆ ಎನ್ನುತ್ತಾರೆ. ನಿಜವೇ? — ಓದುಗರು, ಲಾಸ್ ವೇಗಾಸ್

ನಿಜ. ಬಿಸಿಲೇರಿದಂತೆ ಗಾಳಿ ಆಗಾಗ ಕಣಿವೆಯ ಮೇಲ್ಮುಖವಾಗಿ, ಅಂದರೆ ನಿಮ್ಮ ಎದುರಿಗೇ ಬೀಸುತ್ತದೆ. ಬೆಳಗ್ಗೆ ಏಳೂವರೆಗೆ ನೀರಿಗಿಳಿದು ಎರಡು ಗಂಟೆಗೆ ಬಿಡಾರ ಸೇರುವ ದಿನಚರಿಯೇ ಇದಕ್ಕೆ ಮದ್ದು. ಮಧ್ಯೆ ಸಿಕ್ಕಿಕೊಂಡರೆ ದೋಣಿಯ ಭಾರ ಸರಿಪಡಿಸಿ. ಹಗುರಾದ ತುದಿಯನ್ನು ಗಾಳಿ ತಳ್ಳುತ್ತದೆ. ಎದುರುಗಾಳಿಗೆ ಮುಂಭಾಗ ತುಸು ಭಾರವಿರಬೇಕು, ಬೆನ್ನಗಾಳಿಗೆ ಹಿಂಭಾಗ. ಇದಕ್ಕಾಗಿ ಒಂದು ನೀರಿನ ಡಬ್ಬ ಸುಲಭವಾಗಿ ಬಿಚ್ಚಿ ಸರಿಸುವಂತಿರಲಿ, ಉಳಿದ ಭಾರವೆಲ್ಲ ನಡುವೆ, ತಳದಲ್ಲಿ. ದೋಣಿಯ ಅಂಚು ನೀರಿನಿಂದ ಕನಿಷ್ಠ 15 ಸೆಂ.ಮೀ. ಮೇಲಿರಬೇಕು. ಕಟ್ಟಿದ ಹಗ್ಗದ ಬಾಲ ಉದ್ದ ಬಿಡಬೇಡಿ, ಮಗುಚಿದಾಗ ಕಾಲಿಗೆ ಸುತ್ತಿಕೊಳ್ಳುವುದು ಅದೇ.

ರಾತ್ರಿ ದೋಣಿಗಳನ್ನು ಪೂರ್ತಿ ಮೇಲೆಳೆದು ಬೋರಲು ಹಾಕಿ, ಒಂದಕ್ಕೊಂದು ಬಿಗಿದು, ಗಟ್ಟಿ ಬುಡಕ್ಕೆ ಕಟ್ಟಿ. ಗಾಳಿ ಖಾಲಿ ಕನೂವನ್ನು ಎತ್ತಿ ಒಗೆಯುತ್ತದೆ. ಮೇಲೆಲ್ಲೋ ಮಳೆಯಾದರೆ ಇಲ್ಲಿ ಮೋಡವಿಲ್ಲದೆಯೂ ನೀರೇರುತ್ತದೆ. ಒಣ ಹಳ್ಳದ ಬಾಯಲ್ಲಿ ಡೇರೆ ಹಾಕಬೇಡಿ, ಎಷ್ಟೇ ಸಮತಟ್ಟಾಗಿ ಕಂಡರೂ.

ಸಸ್ಯಾಹಾರಿ ಅಡುಗೆ, ಹನ್ನೆರಡು ಜನಕ್ಕೆ? — ಓದುಗರು, ಸ್ಯಾನ್ ಹೋಸೆ

ನಮ್ಮ ಅಡುಗೆ ಈ ಪ್ರವಾಸಕ್ಕೆ ಚೆನ್ನಾಗಿ ಒಗ್ಗುತ್ತದೆ, ಐಸ್ ಪೆಟ್ಟಿಗೆಯೇ ಬೇಕಿಲ್ಲ. ಬೆಳಗ್ಗೆ ಒಗ್ಗರಣೆ ಅವಲಕ್ಕಿ ಅಥವಾ ಮನೆಯಲ್ಲೇ ಹುರಿದು ಒಗ್ಗರಣೆ ಕೂಡಿಸಿ ತಂದ ರವೆಯ ಉಪ್ಪಿಟ್ಟು, ತಲೆಗೆ 80 ಗ್ರಾಂ. ಮಧ್ಯಾಹ್ನ ಒಲೆ ಹಚ್ಚಬೇಡಿ. ಚಪಾತಿ, ಚಟ್ನಿಪುಡಿ, ಕಡಲೆಕಾಯಿ ಬೆಣ್ಣೆ, ಸೌತೆಕಾಯಿ. ರಾತ್ರಿ ಹೆಸರುಬೇಳೆ ಪೊಂಗಲ್ ಅಥವಾ ಬಿಸಿಬೇಳೆಬಾತ್: ತಲೆಗೆ ಅಕ್ಕಿ 100 ಗ್ರಾಂ, ಬೇಳೆ 50. ತೊಗರಿಬೇಳೆಗಿಂತ ಹೆಸರುಬೇಳೆ ಬೇಗ ಬೇಯುತ್ತದೆ. ಇಲ್ಲಿ ಎತ್ತರ 1200 ಮೀಟರ್ ಹತ್ತಿರ, ನೀರು 96 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಸತಾಯಿಸುತ್ತದೆ. ಹತ್ತು ಲೀಟರ್ ಕುಕ್ಕರ್ ಒಯ್ಯಿರಿ. ಬೇಳೆಯಿದ್ದಾಗ ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಹಾಗಾಗಿ 600 ಗ್ರಾಂ ಅಕ್ಕಿ, 300 ಗ್ರಾಂ ಬೇಳೆಯಂತೆ ಎರಡು ಸಲ ಇಡಬೇಕಾಗುತ್ತದೆ. ಹೊರಡುವ ಮುನ್ನ ಹೊಸ ಗ್ಯಾಸ್ಕೆಟ್ ಹಾಕಿ, ಇನ್ನೊಂದು ಜತೆಗಿರಲಿ. ಎರಡು ಬರ್ನರ್ ಒಲೆಗೆ ಐದು ಕಿಲೋ ಪ್ರೋಪೇನ್ ಸಿಲಿಂಡರ್ ಧಾರಾಳ. ಮುಸುರೆ ನೀರನ್ನು ಜಾಲರಿಯಲ್ಲಿ ಸೋಸಿ, ಅಗುಳು ಕಸದ ಚೀಲಕ್ಕೆ, ನೀರು ನದಿಯ ನಡುಹರಿವಿಗೆ.

ನಮ್ಮ ಶಾಲೆಯ ಮಕ್ಕಳಿಗೆ ಇಂಥದ್ದನ್ನು ಇಲ್ಲೇ, ಶರಾವತಿಯಲ್ಲಿ ಮಾಡಬಹುದೇ? ಕಾಳಿ ನದಿ ಹೇಗೆ? — ಓದುಗರು, ಸಾಗರ

ಹರಿಯುವ ನದಿಯಲ್ಲಿ ಬೇಡ. ದಾಂಡೇಲಿಯ ಬಳಿ ಕಾಳಿಯಲ್ಲಿ ಮೊಸಳೆಗಳಿವೆ. ಮೇಲಿನ ಸೂಪಾ ಅಣೆಕಟ್ಟೆಯಿಂದ ನೀರು ಬಿಟ್ಟಂತೆ ಹರಿವೂ ಏರಿಳಿಯುತ್ತದೆ. ದಡದಲ್ಲಿ ಮಕ್ಕಳೊಡನೆ ರಾತ್ರಿ ಕಳೆಯುವ ಜಾಗ ಅದಲ್ಲ. ನಿಮಗೆ ಮನೆಬಾಗಿಲಲ್ಲೇ ಹೊನ್ನೆಮರಡು ಇದೆ. ಲಿಂಗನಮಕ್ಕಿ ಹಿನ್ನೀರಿನಲ್ಲಿ ಕನೂ, ತೆಪ್ಪ ಕಲಿಸಿ ಮಕ್ಕಳ ಶಿಬಿರ ನಡೆಸುವ ಪದ್ಧತಿ ಅಲ್ಲಿ ಬಹುಕಾಲದಿಂದ ಬೆಳೆದಿದೆ. ಅಲ್ಲಿನ ತರಬೇತುದಾರರ ಜತೆಗೇ ಹೋಗಿ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ನಡುಗಡ್ಡೆಯಲ್ಲಿ ತಂಗಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕೇ ಎಂದು ಮೊದಲೇ ವಿಚಾರಿಸಿ.

ಹಿನ್ನೀರಿನ ಅಪಾಯ ಬೇರೆ ಬಗೆಯದು. ಸೆಳವಿಲ್ಲದ್ದರಿಂದ ದಣಿದ ಮಕ್ಕಳನ್ನು ನೀರೇ ಮುಂದೊಯ್ಯುವುದಿಲ್ಲ, ಗ್ರೀನ್ ನದಿಯ 14 ಮೈಲಿಯ ಲೆಕ್ಕ ಇಲ್ಲಿ ನಡೆಯದು. ಮಕ್ಕಳಿಗೆ ದಿನಕ್ಕೆ ಏಳೆಂಟು ಕಿಲೋಮೀಟರ್ ಸಾಕು. ಬಯಲು ನೀರಿನಲ್ಲಿ ಗಾಳಿಯೆದ್ದರೆ ಅಲೆಯೇಳುತ್ತದೆ, ಆದ್ದರಿಂದ ನಡುವೆ ದಾಟದೆ ದಡದ ಗುಂಟ ಸಾಗಿ. ನೀರು ಇಳಿದ ತಿಂಗಳುಗಳಲ್ಲಿ ಮುಳುಗಡೆಯಾದ ಮರಗಳ ಬೊಡ್ಡೆಗಳು ಮೇಲ್ಮೈಗೆ ಒಂದಡಿ ಕೆಳಗೇ ಇರಬಹುದು. ಮುಂದಿನ ದೋಣಿಯಲ್ಲಿ ಕೂತವರು ಹುಟ್ಟು ಹಾಕುವುದಕ್ಕಿಂತ ನೀರು ನೋಡುವುದೇ ಮುಖ್ಯ. ಬೊಡ್ಡೆ ಕಂಡ ಕೂಡಲೇ ಹುಟ್ಟನ್ನು ಅಡ್ಡ ಎತ್ತಿ ಹಿಡಿದು ಹಿಂದಿನವರಿಗೆ ತೋರಿಸಲಿ.